ಹೇಳಿದ ಕಡೆಯೇ ಮುರಿಯಬೇಕು

ಆ ಹೈಸ್ಕೂಲಿನಲ್ಲಿ ನನ್ನ ಕೆಲಸಕ್ಕೆ ಸರಿಯಾದ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಸಹಾಯಕಿ’ ಎಂದು ಬರೆದಿದ್ದರು. ಯಾರಿಗೆ, ಯಾವುದರಲ್ಲಿ ಎಂಬುದು ಇರಲಿಲ್ಲ. ಪದವಿ ಮುಗಿಸಿ ಒಂದು ವರ್ಷ ಕಿಟಕಿಯ ಪಕ್ಕ ಕೂತು ಯೋಚನೆ ಮಾಡಿದ್ದೊಂದೇ ನನ್ನ ಅನುಭವ. ಹೆಡ್ಮಿಸ್ ನನ್ನ ಅರ್ಜಿಯನ್ನು ಮಡಚಿ ಮೇಜಿನ ಮೇಲಿಟ್ಟು ಹೇಳಿದರು:

“ವಾರಕ್ಕೆ ಒಂದು ಪೀರಿಯಡ್ ಕೊಡ್ತೀನಿ. ಹತ್ತನೇ ಕ್ಲಾಸಿನ ಮಕ್ಕಳು. ಯಶಸ್ಸು ಅಂದ್ರೆ ಏನು ಅನ್ನೋದು ಅವರ ಬಾಯಿಂದಲೇ ಬರಬೇಕು. ವರ್ಷದ ಕೊನೇಲಿ ಏನು ಕಲಿತರು, ಹೇಗೆ ಕಲಿತರು ಅಂತ ಅಪ್ಪ ಅಮ್ಮಂದಿರ ಮುಂದೆ ಕಥೆ ಥರ ಹೇಳಬೇಕು. ಭಾಷಣ ಬೇಡ. ಭಾಷಣ ನಾನೇ ಮಾಡ್ತೀನಿ.”

ಮೊದಲ ದಿನ ಹಲಗೆಯ ಮೇಲೆ ‘ಯಶಸ್ಸು’ ಎಂದು ಬರೆದು ತಿರುಗಿದೆ. ಕೈಗಳು ಪಟಪಟನೆ ಮೇಲೆದ್ದವು. ಮೊದಲ ರ‍್ಯಾಂಕು, ದೊಡ್ಡ ಮನೆ, ದೊಡ್ಡ ಕಾರು, ಇನ್ನೂ ದೊಡ್ಡ ಕಾರು.

“ಇದು ಯಾರ ಮಾತು?” ಎಂದೆ.

“ನಮ್ಮ ಚಿಕ್ಕಪ್ಪಂದು ಮಿಸ್,” ಎಂದಿತು ಹಿಂದಿನ ಬೆಂಚಿನ ಒಂದು ದನಿ.

“ಸರಿ. ಚಿಕ್ಕಪ್ಪ ಬಂದಾಗ ಅವರನ್ನೇ ಕೇಳೋಣ. ಈಗ ನಿನ್ನದು ಹೇಳು.”

ಆಮೇಲೆ ನಾನು ಏನೂ ಹೇಳದೆ ನಿಂತೆ. ಹೇಳಲು ಬೇರೇನೂ ಗೊತ್ತಿರಲಿಲ್ಲ ಎಂಬುದು ನಿಜ, ಆದರೆ ಸುಮ್ಮನಿರುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಮಾತು ನಿಂತ ಕೋಣೆಗೆ ಒಂದು ತೂಕ ಬರುತ್ತದೆ. ಫ್ಯಾನು ಕಿರುಗುಟ್ಟುವುದು ಕೇಳುತ್ತದೆ, ಯಾರೋ ಪೆನ್ನಿನ ಮುಚ್ಚಳ ಕಚ್ಚುವುದು ಕೇಳುತ್ತದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಧ್ಯಾಹ್ನವೇ ನನಗೆ ‘ಮೌನ ಮಿಸ್’ ಎಂದು ಹೆಸರು ಬಿತ್ತು.

ಆ ಮೌನವನ್ನು ಮೊದಲು ಮುರಿದವನು ರೇಡಿಯೋ. ಹುಟ್ಟಿದಾಗಿನಿಂದ ಬಾಯಿ ಮುಚ್ಚಿಲ್ಲವೆಂದು ಅವನ ತಾಯಿಯೇ ಇಟ್ಟ ಹೆಸರಂತೆ.

“ಮಿಸ್, ನನಗೆ ಯಶಸ್ಸು ಅಂದ್ರೆ ಒಂದು ಊಟ ಪೂರ್ತಿ ಮುಗಿಯೋವರೆಗೂ ಮಾತಾಡದೆ ಇರೋದು.”

ಇಡೀ ತರಗತಿ ಬೆಂಚು ಬಡಿದು ನಕ್ಕಿತು. ನಾನು ನಗಲಿಲ್ಲ. “ಗೆದ್ದೆ ಅಂತ ಯಾರು ಹೇಳಬೇಕು?” ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. “ನಮ್ಮ ಅಮ್ಮ. ಅವಳು ಸುಳ್ಳು ಹೇಳಲ್ಲ, ನನ್ನ ವಿಷಯದಲ್ಲಂತೂ ಹೇಳೋದೇ ಇಲ್ಲ.”

ಹೀಗೆ ನಮ್ಮ ನಿಯಮ ಹುಟ್ಟಿತು. ನಿನ್ನ ಯಶಸ್ಸನ್ನು ನೀನೇ ಹೇಳಬೇಕು. ಆದರೆ ಅದು ಆಯಿತೋ ಇಲ್ಲವೋ ಎಂದು ಇನ್ನೊಬ್ಬರು ಕಣ್ಣಾರೆ ನೋಡಿ ಹೇಳುವಂತಿರಬೇಕು. ಕಥೆ ಹೇಳುವ ದಿನ ಸೋತದ್ದನ್ನೂ ಹೇಳಬೇಕು. ಹೇಳುವವರು ನಡುವೆ ಎಷ್ಟು ಹೊತ್ತು ಸುಮ್ಮನಾದರೂ ಕೇಳುವವರು ಬಾಯಿ ಹಾಕುವಂತಿಲ್ಲ. ಕೊನೆಯದನ್ನು ಸೇರಿಸಿದ್ದು ನಾನು.

ಕಿಟಕಿಯ ಪಕ್ಕದ ಹುಡುಗಿ ಮಾತ್ರ ಮೂರು ವಾರ ಏನೂ ಹೇಳಲಿಲ್ಲ. ಅವಳನ್ನು ಎಲ್ಲರೂ ಮುರುಕಿ ಎನ್ನುತ್ತಿದ್ದರು. ಅವಳ ಕೈಗೆ ಸಿಕ್ಕಿದ್ದು ಮುರಿಯುತ್ತಿತ್ತು: ಪ್ರಯೋಗಶಾಲೆಯ ಗಾಜಿನ ನಳಿಕೆ, ಬೆಂಚಿನ ಕಾಲು, ಕೊಡೆ. ಬಡಗಿಯ ಮಗಳು. ಅಪ್ಪ ಕೂಡಿಸುವುದನ್ನೆಲ್ಲ ಮಗಳು ಬಿಡಿಸುತ್ತಾಳೆ ಎಂದು ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನಗೆಯಾಡುತ್ತಿದ್ದರು. ನಾಲ್ಕನೆಯ ವಾರ, ಪೀರಿಯಡ್ಡು ಮುಗಿದು ಎಲ್ಲರೂ ಹೊರಟ ಮೇಲೆ, ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ನಾನು ಕಾದೆ. ಅವಳೂ ಕಾದಳು. ಇಬ್ಬರಿಗೂ ಅವಸರವಿರಲಿಲ್ಲ.

“ಮಿಸ್, ಎಲ್ಲಾನೂ ಎಲ್ಲೋ ಒಂದು ಕಡೆ ಮುರಿಯುತ್ತಲ್ವಾ?”

“ಹೂಂ.”

“ಎಲ್ಲಿ, ಯಾವಾಗ ಅಂತ ಮುರಿಯೋ ಮೊದಲೇ ಹೇಳೋಕೆ ಬಂದ್ರೆ ನಾನು ಗೆದ್ದ ಹಾಗೆ.”

ಒಂದಿಡೀ ವರ್ಷ ಕಿಟಕಿಯ ಪಕ್ಕ ಕೂತಿದ್ದ ನನಗೆ ಇಷ್ಟು ಸ್ವಂತದ ಒಂದು ವಾಕ್ಯ ಹೊಳೆದಿರಲಿಲ್ಲ.

ಅವಳು ಹಳೆಯ ಪತ್ರಿಕೆಗಳನ್ನು ಬಿಗಿಯಾಗಿ ಸುತ್ತಿ ಕೋಲು ಮಾಡಿದಳು. ಕೋಲುಗಳನ್ನು ಹಿಟ್ಟಿನ ಅಂಟು, ನೂಲು ಹಾಕಿ ಜೋಡಿಸಿ ತ್ರಿಕೋನ ಮಾಡಿದಳು. ತ್ರಿಕೋನಗಳಿಂದ ಒಂದು ಪುಟ್ಟ ಸೇತುವೆ ಎದ್ದಿತು. ಎರಡು ಮೇಜುಗಳ ನಡುವೆ ಅದನ್ನಿಟ್ಟು, ನಡುಮಧ್ಯಕ್ಕೆ ಬಕೆಟ್ ತೂಗುಹಾಕಿ, ಒಂದೊಂದೇ ಮಗ್ ನೀರು ಹೊಯ್ಯುವುದು. ಮುರಿಯುವ ಜಾಗವನ್ನೂ ಮಗ್ಗಿನ ಲೆಕ್ಕವನ್ನೂ ಅವಳು ಮೊದಲೇ ಹಲಗೆಯ ಮೇಲೆ ಬರೆಯಬೇಕು. ಮೊದಮೊದಲು ಹತ್ತಿರವೂ ಬರಲಿಲ್ಲ. ಒಂದು ಸೇತುವೆ ಬಕೆಟ್ ತೂಗುಹಾಕುವಾಗಲೇ ಕುಸಿಯಿತು. ಅವಳು ಅಳಲಿಲ್ಲ. ಮುರಿದ ಜಾಗವನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾ ಕೂತಳು.

ಇಷ್ಟೇ ಆಗಿದ್ದರೆ ಆಟವೆನ್ನಬಹುದಿತ್ತು. ಆದರೆ ಮುಂದಿನ ವರ್ಷ, ನಮ್ಮಲ್ಲೇ ಇದ್ದ ಹನ್ನೊಂದನೇ ಕ್ಲಾಸಿನಲ್ಲಿ, ಅವಳಿಗೆ ಗಣಿತ ಮತ್ತು ಭೌತಶಾಸ್ತ್ರ ಬೇಕಿತ್ತು. ಅದಕ್ಕೆ ಗಣಿತದ ಮೇಷ್ಟ್ರ ಒಪ್ಪಿಗೆ ಬೇಕು. ಮೇಷ್ಟ್ರು ಕೆಟ್ಟವರಲ್ಲ, ಆದರೆ ಬಗ್ಗುವವರೂ ಅಲ್ಲ.

“ಅವಳು ಲೆಕ್ಕ ಮಾಡಲ್ಲ ಕಣ್ರೀ, ಊಹೆ ಮಾಡ್ತಾಳೆ,” ಎಂದರು ನನಗೆ. “ಊಹೆ ಮಾಡೋರಿಗೆ ಲಾಟರಿ ಅಂಗಡಿ ಇದೆ.”

“ಕಥೆ ಹೇಳೋ ದಿನ ನೀವೇ ನೋಡಿ ಸರ್. ಅವಳು ಹೇಳಿದ ಕಡೆ, ಹೇಳಿದ ಮಗ್ಗಿಗೆ ಮುರಿದ್ರೆ?”

ಅವರು ಸೀಮೆಸುಣ್ಣದ ಕೈ ಕೊಡವಿದರು. “ಒಂದು ಮಗ್ ಆಚೀಚೆ ಆದ್ರೂ ಪರವಾಗಿಲ್ಲ. ಅಲ್ಲೇ ಅವಳ ಅರ್ಜಿಗೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಈ ಮಾತು ಮತ್ತೆ ಎತ್ತಬೇಡಿ. ಮಾರನೇ ಬೆಳಿಗ್ಗೆ ಒಪ್ಪಿದವರ ಪಟ್ಟಿ ಆಫೀಸಿಗೆ ಹೋಗುತ್ತೆ.”

ಕಥೆ ಹೇಳುವ ದಿನದ ಹಿಂದಿನ ಸಂಜೆ ಮುರುಕಿ ಸೇತುವೆಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಮನೆಗೆ ಒಯ್ದಳು. ಅಜ್ಜಿಗೆ ಶಾಲೆಯ ಮೆಟ್ಟಿಲು ಹತ್ತಲಾಗದು, ಮನೆಯಲ್ಲೇ ತೋರಿಸಿ ತರುತ್ತೇನೆ ಎಂದಳು.

*

ಮರುದಿನ ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಕುರ್ಚಿ ಸಾಲದೆ ಪ್ರಯೋಗಶಾಲೆಯ ಸ್ಟೂಲುಗಳನ್ನು ತಂದೆವು. ಅಮ್ಮಂದಿರು, ಅಪ್ಪಂದಿರು, ಅತ್ತೆಯರು, ಸೈಕಲ್ ಚಾವಿ ತಿರುಗಿಸುವ ಅಣ್ಣಂದಿರು. ಹೆಡ್ಮಿಸ್ ಭಾಷಣ ಮಾಡಿ, ಮುಗಿಸಿದೆ ಎಂದು ಹೇಳಿ, ಮತ್ತೆ ಸ್ವಲ್ಪ ಮಾಡಿದರು. ಇಷ್ಟು ಜನರ ಗದ್ದಲದಲ್ಲಿ ನಾನು ಸಾಮಾನ್ಯವಾಗಿ ಬಾಗಿಲ ಹತ್ತಿರದ ಗೋಡೆ ಹುಡುಕುವವಳು. ಅವತ್ತು ಮುಂದಿನ ಸಾಲಿನಲ್ಲೇ ನಿಂತಿದ್ದೆ.

ರೇಡಿಯೋ ಮೊದಲು ಬಂದ. ಊಟದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಳ್ಳಲು ಕಲಿತ ಕಥೆ ಹೇಳಿದ. ಮೊದಲ ವಾರ ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿತಂತೆ. ಎರಡನೆಯ ವಾರ ಪಕ್ಕದಲ್ಲಿ ಕೂತ ತಂಗಿ ಮಾತಾಡಲು ಶುರು ಮಾಡಿದಳಂತೆ. “ಅವಳಿಗೆ ಮಾತು ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವಳ ಸ್ಕೂಲಿನಲ್ಲಿ ಒಬ್ಬಳು ಅವಳ ಟಿಫಿನ್ ಕಿತ್ಕೊಳ್ತಿದ್ಲು. ಮೂರು ತಿಂಗಳಿಂದ.” ಅಷ್ಟು ಹೇಳಿ ಅವನು ನಿಂತುಬಿಟ್ಟ. ಹಾಲಿನಲ್ಲಿ ಯಾರೂ ಬಾಯಿ ಹಾಕಲಿಲ್ಲ. ಆಮೇಲೆ ಅವನ ತಾಯಿ ಎದ್ದು, “ಆಯ್ತು. ಗೆದ್ದಿದ್ದಾನೆ. ಆದ್ರೆ ತಿಂಡಿ ಹೊತ್ತಿಗೆ ಇನ್ನೂ ಇಲ್ಲ,” ಎಂದರು. ಹಾಲ್ ಹಾರಿಹೋಗುವಷ್ಟು ನಗು.

ಕೊನೆಗೆ ಮುರುಕಿ ಬಂದಳು. ಎರಡು ಮೇಜು, ನಡುವೆ ಸೇತುವೆ, ಕೆಳಗೆ ಇಪ್ಪತ್ತು ಲೀಟರಿನ ಹಸಿರು ಬಕೆಟ್. ಅವಳ ಅಪ್ಪ ಹಿಂದಿನ ಸಾಲಿನಲ್ಲಿ ಒಗೆದ ಅಂಗಿ ತೊಟ್ಟು, ಕಿವಿಯ ಮೇಲೆ ಮರೆತ ಪೆನ್ಸಿಲಿನ ಸಮೇತ ಕೂತಿದ್ದರು. ಮುಖದಲ್ಲಿ ಅದೇನೋ ಒಳಗೊಳಗೇ ಹಿಗ್ಗು.

“ನನ್ನ ಹೆಸರು ನಿಮಗೆಲ್ಲ ಗೊತ್ತು,” ಎಂದು ಶುರು ಮಾಡಿದಳು. “ಮೊದಲನೇ ಸೇತುವೆ ಮೇಲೆ ನಮ್ಮ ಮನೆ ಬೆಕ್ಕು ಕೂತ್ಕೊಳ್ತು. ಮುರೀತು. ಬೈಯೋಣ ಅಂದ್ಕೊಂಡೆ. ಆಮೇಲೆ ಬೆಕ್ಕಿನ ತೂಕ ಎಷ್ಟು ಅಂತ ನನಗೆ ಗೊತ್ತಿಲ್ವಲ್ಲ ಅನ್ನಿಸ್ತು. ಅದನ್ನ ತಕ್ಕಡೀಲಿ ಕೂರಿಸಿದೆ. ಮೂರು ಸಲ ಪರಚಿತು. ನಾನು ಕಲಿತಿದ್ದು ಅಲ್ಲಿಂದ.” ಒಂಟಿ ಕೋಲನ್ನೂ ಒಂಟಿ ಜೋಡಣೆಯನ್ನೂ ಬೇರೆಬೇರೆಯಾಗಿ ಎಳೆದು, ಒತ್ತಿ, ಯಾವುದು ಎಷ್ಟು ತಡೆಯುತ್ತದೆಂದು ಹೇಗೆ ಅಳೆದಳೆಂದು ಹೇಳಿದಳು. ಮೇಲಿನ ಕೋಲುಗಳನ್ನು ಭಾರ ಒತ್ತುತ್ತದೆ, ಕೆಳಗಿನ ಕೋಲುಗಳನ್ನು ಎಳೆಯುತ್ತದೆ ಎಂದು ಕೈಬೆರಳಿನಿಂದಲೇ ತೋರಿಸಿದಳು. ಆಮೇಲೆ ಹಲಗೆಗೆ ತಿರುಗಿ ಬರೆದಳು: ಕೆಳಗಿನ ಸಾಲು, ನಡುವಿನ ಜೋಡಣೆ. ಹನ್ನೊಂದನೇ ಮಗ್.

ಅಲ್ಲಿಯವರೆಗೂ ತೋಳು ಮಡಚಿ ನಿಂತಿದ್ದ ಗಣಿತದ ಮೇಷ್ಟ್ರು ಮಗ್ ತಾವೇ ಕೈಗೆತ್ತಿಕೊಂಡರು. “ನಾನೇ ಹೊಯ್ತೀನಿ.”

ಒಂದು, ಎರಡು, ಮೂರು. ಸೇತುವೆ ಅಲುಗಲಿಲ್ಲ. ಏಳಕ್ಕೆ ಸಣ್ಣ ಮಕ್ಕಳು ಮುಂದೆ ನುಗ್ಗಿ ಬಂದರು. ಒಂಬತ್ತಕ್ಕೆ ಎಲ್ಲರೂ ಎಣಿಸತೊಡಗಿದರು. ಹತ್ತು. ಹನ್ನೊಂದು!

ಏನೂ ಆಗಲಿಲ್ಲ.

ಹನ್ನೆರಡು. ಸೇತುವೆ ಗಟ್ಟಿಮುಟ್ಟಾಗಿ ನಿಂತಿತ್ತು. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು, ಇಡೀ ಹಾಲ್ ಸೇರಿಕೊಂಡಿತು. “ಭೇಷ್! ಕಾಗದದ್ದು ನೋಡ್ರೀ, ಕಾಗದದ್ದು!” ಹೆಡ್ಮಿಸ್ ಕೂಡ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸಡಗರದ ನಡುವೆ ಮುರುಕಿಯ ಮುಖ ಮಾತ್ರ ಇಳಿದುಹೋಗಿತ್ತು. ಅವಳು ಸೋಲುತ್ತಿದ್ದಾಳೆಂದು ಆ ಗದ್ದಲದಲ್ಲಿ ನೆನಪಿದ್ದವರು ಮೂವರೇ: ಅವಳು, ನಾನು, ಮೇಷ್ಟ್ರು.

ಮೇಷ್ಟ್ರು ಮಗ್ಗನ್ನು ಮೇಜಿನ ಮೇಲಿಟ್ಟರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. “ಒಂದು ಮಗ್ ಆಚೀಚೆ ಅಂದಿದ್ದೆ. ಅದೂ ಆಯ್ತು. ಲೆಕ್ಕ ತಪ್ಪಿದೆಯಮ್ಮ.”

ಚಪ್ಪಾಳೆ ತಾನಾಗಿ ನಿಂತಿತು. ಪಿಸುಮಾತು ಎದ್ದಿತು. ನಾನು ಕೈ ಎತ್ತಿ, “ಹೇಳುವವರು ಸುಮ್ಮನಿದ್ದಾರೆ,” ಎಂದೆ. ನಿಯಮ ಗೊತ್ತಿದ್ದ ಹತ್ತನೇ ತರಗತಿ ಮೊದಲು ಬಾಯಿ ಮುಚ್ಚಿತು, ಅದನ್ನು ನೋಡಿ ಉಳಿದವರೂ ಮುಚ್ಚಿದರು. ಬಕೆಟಿನ ನೀರು ಮೆಲ್ಲಗೆ ತುಳುಕುವ ಸದ್ದಷ್ಟೇ.

ಅವಳು ಮಂಡಿಯೂರಿ ಕೂತಳು. ಕೆಳಗಿನ ನಡುವಿನ ಜೋಡಣೆಗೆ ಮುಖ ತಂದಳು. ನೋಡಲಿಲ್ಲ, ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಕೂತಲ್ಲಿಂದಲೇ, ನಿಧಾನವಾಗಿ ತಲೆ ಎತ್ತಿ,

“ಅಪ್ಪಾ!”

ಹಿಂದಿನ ಸಾಲಿನಲ್ಲಿ ಬಡಗಿ ಎದ್ದು ನಿಂತರು. ಮೋರೆ ತುಂಬಾ ನಗು. “ಏನು ಪುಟ್ಟೀ?”

“ನನ್ನ ಸೇತುವೆಗೆ ಮರದ ಅಂಟು ಹಾಕಿದ್ಯಾ?”

“ಮತ್ತೆ? ನಿನ್ನೆ ಅಜ್ಜಿಗೆ ಹೇಳ್ತಿದ್ದೆಯಲ್ಲ, ಇಲ್ಲೇ ಮುರಿಯುತ್ತೆ ಅಜ್ಜಿ, ಇಲ್ಲೇ ಅಂತ. ನಾನು ಆಚೆ ರೂಮಲ್ಲಿ ಕೇಳಿಸ್ಕೊಂಡೆ. ಮಗಳ ಓದೆಲ್ಲ ಇದರ ಮೇಲೆ ನಿಂತಿರೋವಾಗ, ಎಲ್ಲಿ ಮುರಿಯುತ್ತೆ ಅಂತ ಗೊತ್ತಾದ ಮೇಲೂ ಬಿಟ್ಟು ಮಲಗ್ತೀನಾ? ನೀನು ಮಲಗಿದ ಮೇಲೆ ಹಚ್ಚಿದೆ.” ಸುತ್ತ ನೋಡಿದರು. ಯಾರೂ ನಗುತ್ತಿರಲಿಲ್ಲ. “ಗಟ್ಟಿಯಾಯ್ತಲ್ಲ? ಗೆದ್ದೆಯಲ್ಲ?”

“ಅಪ್ಪಾ, ಮುರಿದ್ರೇನೇ ನಾನು ಗೆಲ್ಲೋದು!”

ಆ ಮನುಷ್ಯನ ನಗು ಅರ್ಧದಲ್ಲಿ ನಿಂತಿತು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಇಟ್ಟುಕೊಂಡರು. “ಮುರಿದ್ರೆ ಗೆಲ್ಲೋದಾ?” ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ರೇಡಿಯೋನ ತಾಯಿ. “ಈಗಿನ ಮಕ್ಕಳು,” ಎಂದರು ಅವರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಸರಿ, ನಿನ್ನ ತಪ್ಪಲ್ಲ. ಪರೀಕ್ಷೆ ರದ್ದು ಅಂದ್ಕೋ. ಇನ್ನೊಂದು ಸೇತುವೆ ಮಾಡ್ಕೊಂಡು ಬಾ.”

“ಯಾವಾಗ ಸರ್? ನಾಳೆ ಪಟ್ಟಿ ಹೋಗುತ್ತೆ.”

ಮೇಷ್ಟ್ರು ಹೆಡ್ಮಿಸ್ ಕಡೆ ನೋಡಿದರು. ಅವಳು ಸೇತುವೆಯನ್ನೇ ನೋಡುತ್ತಿದ್ದಳು, ತಲೆಯನ್ನು ಒಂದು ಬದಿಗೆ ವಾಲಿಸಿಕೊಂಡು. ಆ ನೋಟ ನನಗೆ ಗೊತ್ತಿತ್ತು. ಮುರಿದದ್ದನ್ನು ಮೂಗಿನ ಹತ್ತಿರ ಹಿಡಿದು ಕೂರುತ್ತಿದ್ದಾಗಿನ ನೋಟ.

“ಇದನ್ನೇ ಮಾಡ್ತೀನಿ ಸರ್. ಈಗ ಎಲ್ಲಿ ಮುರಿಯುತ್ತೆ ಅಂತ ಹೇಳ್ತೀನಿ.”

“ಈಗಲಾ? ಇಲ್ಲೇನಾ?”

“ಇಲ್ಲೇ.” ಅವಳು ಆಗಲೇ ಅಪ್ಪನ ಕಡೆ ತಿರುಗಿದ್ದಳು. “ಒಂದು ಕೈ ಹಚ್ಚಿದ್ದಾ, ಎರಡು ಕೈಯಾ?”

“ಎರಡು ಕೈ. ಒಂದು ಒಣಗಿದ ಮೇಲೆ ಇನ್ನೊಂದು.”

“ಇದೊಂದೇ ಜೋಡಣೆಗಾ?”

“ಆ ಬದೀದಕ್ಕೂ ಹಚ್ಚಿದೆ, ಜೋಡಿ ಅಲ್ವಾ. ಅಕ್ಕಪಕ್ಕದ್ದಕ್ಕೂ ಸ್ವಲ್ಪ... ಬ್ರಷ್ಷಲ್ಲಿ ಮಿಕ್ಕಿತ್ತು.”

“ಅಂದ್ರೆ ಕೆಳಗಿನ ಸಾಲು ಪೂರ್ತಿ?”

“ಪೂರ್ತಿ ಅಂತಾನೇ ಇಟ್ಕೋ.”

“ಮೇಲಿನ ಕೋಲು?”

“ಮೇಲೆ ಮುಟ್ಟಿಲ್ಲ ಪುಟ್ಟೀ. ನಿನ್ನಾಣೆ.”

“ನನ್ನಾಣೆ ಬೇಡ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು.”

ಬಡಗಿ ಕಣ್ಣು ಮುಚ್ಚಿದರು. ಬಲಗೈ ಗಾಳಿಯಲ್ಲಿ ಬ್ರಷ್ ಆಡಿಸಿತು, ಎಡದಿಂದ ಬಲಕ್ಕೆ. “ಮೇಲೆ ಮುಟ್ಟಿಲ್ಲ,” ಎಂದರು.

ಅವಳು ಹಲಗೆಯ ಮೇಲಿನ ಹಳೆಯ ಸಾಲನ್ನು ಅಂಗೈಯಿಂದಲೇ ಒರೆಸಿದಳು. ಸೇತುವೆಯ ಚಿತ್ರ ಗೀಚಿದಳು. ಕೋಲುಕೋಲಿನ ಪಕ್ಕ ಅಂಕಿ ಬರೆದಳು, ಎರಡನ್ನು ಹೊಡೆದು ಹಾಕಿದಳು, ಮತ್ತೆ ಬರೆದಳು. ಸೀಮೆಸುಣ್ಣ ಪಟ್ಟೆಂದು ಮುರಿಯಿತು. “ಅದೂ ಹೇಳಿದ್ಲಾ?” ಎಂದು ರೇಡಿಯೋ ಕೂಗಿದ. ನಗು ಎದ್ದು, ತಕ್ಷಣ ತಣ್ಣಗಾಯಿತು. ಮೇಷ್ಟ್ರು ಹಲಗೆಯ ಹತ್ತಿರ ಸರಿದಿದ್ದರು. ಅವರ ತೋಳು ಈಗ ಮಡಚಿರಲಿಲ್ಲ. ತುಟಿ ಅಲುಗುತ್ತಿತ್ತು, ಅವಳ ಜೊತೆಜೊತೆಗೇ ಲೆಕ್ಕ ಮಾಡುತ್ತಿದ್ದರು. ಒಂದು ಕಡೆ “ಅರ್ಧ ಯಾಕೆ?” ಎಂದರು.

“ಎರಡು ಬದಿ ಇದೆ ಸರ್. ಭಾರ ಹಂಚಿಹೋಗುತ್ತೆ.”

“ಹೂಂ,” ಎಂದರು ಮೇಷ್ಟ್ರು. ಆ ‘ಹೂಂ’ ನನಗೆ ಹೊಸದು.

ಕೊನೆಗೆ ಅವಳು ಬರೆದಳು: ಮೇಲಿನ ಸಾಲು, ಬಲದಿಂದ ಎರಡನೇ ಕೋಲು. ಹದಿನಾರನೇ ಮಗ್. ಬರೆದು ಜನರ ಕಡೆ ತಿರುಗಿದಳು. “ಇದು ಹರಿಯಲ್ಲ, ಬಾಗುತ್ತೆ. ಆ ಕೋಲು ಸುತ್ತುವಾಗ ಪತ್ರಿಕೆ ಒಂದು ಹಾಳೆ ಕಮ್ಮಿ ಬಿತ್ತು. ನಡೆಯುತ್ತೆ ಅಂತ ಬಿಟ್ಟಿದ್ದೆ.”

ಮೇಷ್ಟ್ರು ಮಗ್ ಎತ್ತಿದರು. ಹದಿಮೂರು. ಈಗ ಯಾರೂ ಜೋರಾಗಿ ಎಣಿಸಲಿಲ್ಲ. ಹದಿನಾಲ್ಕು. ಹಿಂದಿನ ಸಾಲಿನವರು ಸ್ಟೂಲಿನ ಮೇಲೆ ಹತ್ತಿದರು. ಹದಿನೈದು. ಎಲ್ಲೋ ಕಾಗದ ಉಸಿರಾಡಿದಂಥ ಒಂದು ಸದ್ದು. ಅಲ್ಲಿದ್ದವರೆಲ್ಲ ಈಗ ಮುರಿಯಲಿ ಎಂದು ಕಾಯುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ನಿಂತದ್ದಕ್ಕೆ ಚಪ್ಪಾಳೆ ಹೊಡೆದ ಜನವೇ.

ಹದಿನಾರು.

ಸೇತುವೆ ನಿಂತಿತ್ತು. ಬಲದಿಂದ ಎರಡನೇ ಕೋಲು ಬಿಲ್ಲಿನ ಹಾಗೆ ಒಂಚೂರು ಬಾಗಿತ್ತು, ಆದರೆ ನಿಂತಿತ್ತು. ನನಗೆ ಮೌನ ಕಷ್ಟವಲ್ಲವೆಂದು ಹೇಳಿದೆನಲ್ಲ, ಆ ಮೌನವನ್ನು ಮಾತ್ರ ಇನ್ನೊಂದು ಗಳಿಗೆ ತಡೆಯಲಾರೆ ಅನ್ನಿಸಿತು. ಪಕ್ಕದಲ್ಲಿ ಹೆಡ್ಮಿಸ್ ನನ್ನ ಮುಂಗೈಯನ್ನು ಹಿಡಿದುಕೊಂಡಿದ್ದರು. ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ.

“ಒಂದು ಮಗ್ ಆಚೀಚೆ,” ಎಂದರು ಮೇಷ್ಟ್ರು, ತಮಗೆ ತಾವೇ ಹೇಳಿಕೊಂಡಂತೆ. ಹದಿನೇಳನೆಯದನ್ನು ಅವರು ದಾರದಂತೆ ಹೊಯ್ದರು. ಕಾಲು ಮಗ್. ಅರ್ಧ.

ಮೇಲಿನ ಸಾಲಿನ ಬಲದಿಂದ ಎರಡನೇ ಕೋಲು ಮೊಣಕಾಲಿನಂತೆ ಮಡಚಿತು. ಇಡೀ ಸೇತುವೆ ಒಂದೇ ಏಟಿಗೆ ಮುಂದಕ್ಕೆ ವಾಲಿತು, ಬಕೆಟ್ ಧಡಾರನೆ ನೆಲಕ್ಕೆ ಬಿತ್ತು, ನೀರು ಮೇಷ್ಟ್ರ ಷರಾಯಿಯನ್ನೂ ಹೆಡ್ಮಿಸ್ ಚಪ್ಪಲಿಯನ್ನೂ ಮೊದಲ ಸಾಲಿನವರೆಲ್ಲರ ಪಾದವನ್ನೂ ತೋಯಿಸಿ ಬಾಗಿಲ ಕಡೆ ಓಡಿತು.

ಎದ್ದ ಕೂಗಿಗೆ ಕಿಟಕಿಯ ಗಾಜು ಅದುರಿತು. “ಮುರೀತು! ಮುರೀತು!” ಎಂದು ಮಕ್ಕಳು ನೀರಿನಲ್ಲೇ ಕುಣಿದರು. ರೇಡಿಯೋ ಬಕೆಟ್ ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಗೊತ್ತಿಲ್ಲದ ಅಮ್ಮಂದಿರು ಮುರುಕಿಯ ಬೆನ್ನು ತಟ್ಟಿದರು. ನಾನೂ ಕೂಗಿದೆನಂತೆ. ಏನು ಕೂಗಿದೆನೋ ನೆನಪಿಲ್ಲ. ‘ಮೌನ ಮಿಸ್ ಕಿರುಚಿದ್ರು’ ಎಂದು ಮಕ್ಕಳು ಆಮೇಲೆ ಎಷ್ಟೋ ದಿನ ಹೇಳಿಕೊಂಡು ತಿರುಗಿದರು.

ಮೇಷ್ಟ್ರು ಒದ್ದೆ ಕೈಯನ್ನು ಅಂಗಿಗೆ ಒರೆಸಿ ಜೇಬಿನಿಂದ ಪೆನ್ನು ತೆಗೆದರು. ಮುರುಕಿಯ ಅರ್ಜಿಯನ್ನು ಹಲಗೆಗೆ ಒತ್ತಿ ಹಿಡಿದು, ಅವಳ ಲೆಕ್ಕದ ಮೇಲೇ, ಸಹಿ ಹಾಕಿದರು. ಕಾಗದದ ಹಿಂಬದಿಗೆ ಸುಣ್ಣದ ಅಂಕಿಗಳು ಅಂಟಿಕೊಂಡವು. “ಅರ್ಧ ಮಗ್ ತಪ್ಪಿದೆ,” ಎಂದರು. “ಅದು ಎಲ್ಲಿ ಹೋಯ್ತು ಅಂತ ಮುಂದಿನ ವರ್ಷ ಹುಡುಕೋಣ.”

ಜನ ಕರಗುವ ಹೊತ್ತಿಗೆ ಬಡಗಿ ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸೇತುವೆಯ ಚೂರುಗಳನ್ನು ಆರಿಸುತ್ತಿದ್ದರು. ಮಗಳು ಪಕ್ಕದಲ್ಲಿ ಕೂತಳು. ಅಪ್ಪ ಕೆಳಗಿನ ಸಾಲನ್ನು ಎತ್ತಿ, ನಡುವಿನ ಜೋಡಣೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಎರಡೂ ಕೈಯಿಂದ ಎಳೆದರು. ಬಿಡಲಿಲ್ಲ. ಆಮೇಲೆ ಮೆಲ್ಲಗೆ, ತಪ್ಪು ಮಾಡಿದವನಂತೆಯೂ ಬೀಗುವವನಂತೆಯೂ,

“ನಂದು ಮಾತ್ರ ಮುರೀಲಿಲ್ಲ ನೋಡು,” ಎಂದರು.

“ಅದು ಮುರಿಯಲ್ಲ ಅಂತ ಇಟ್ಕೊಂಡೇ ಲೆಕ್ಕ ಮಾಡಿದ್ದು ಅಪ್ಪಾ,” ಎಂದಳು ಅವಳು, ಅವರ ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಳ್ಳುತ್ತಾ.